ಬೆನ್ನ ಹಿಂದಿನ ಪರದೆ

ಹಬ್ಬದ ಫೋಟೋ ತೆಗೆಸಿಕೊಳ್ಳಲು ಹೊರಟಾಗ ನಾವು ಹೆಂಗಸರು ತಲೆ ಕೆಡಿಸಿಕೊಳ್ಳುವುದು ಯಾವ ಸೀರೆ ಉಡಬೇಕು, ಯಾವ ಸರ ಹಾಕಿಕೊಳ್ಳಬೇಕು, ಅತ್ತೆಯವರ ಪಕ್ಕದಲ್ಲಿ ಹಿರಿ ಸೊಸೆ ನಿಲ್ಲಬೇಕೋ ಕಿರಿ ಸೊಸೆ ನಿಲ್ಲಬೇಕೋ ಎಂಬುದಕ್ಕೆ. ಬೆನ್ನ ಹಿಂದೆ ಏನಿರಬೇಕೆಂಬುದನ್ನು ಮಾತ್ರ ಸ್ಟುಡಿಯೋದವನಿಗೆ ಬಿಟ್ಟುಬಿಡುತ್ತೇವೆ. ಬೆನ್ನಿಗೆ ಕಣ್ಣಿಲ್ಲವಲ್ಲ! ಆದರೆ ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಆಲ್ಬಮ್ ಬಿಡಿಸಿ ನೋಡಿ. ಸೀರೆ ಹರಿದು ಪಾತ್ರೆಯವಳ ಬುಟ್ಟಿ ಸೇರಿರುತ್ತದೆ, ಸರ ಯಾರ ಪಾಲಿಗೋ ಹೋಗಿರುತ್ತದೆ. ಆ ಹಿನ್ನೆಲೆ ಮಾತ್ರ ಅಲ್ಲೇ ನಿಂತು ನಮ್ಮ ಕಾಲದ, ನಮ್ಮ ಅಭಿರುಚಿಯ ಸಾಕ್ಷಿ ಹೇಳುತ್ತಿರುತ್ತದೆ. ಕಥೆ ಕಾದಂಬರಿಗಳನ್ನು ವಿಮರ್ಶೆ ಮಾಡುವ ನಾವು ಈ ಪರದೆಯನ್ನೂ ಒಮ್ಮೆ ವಿಮರ್ಶಿಸಿದರೆ ತಪ್ಪೇನು?

ಹಳೆಯ ಸ್ಟುಡಿಯೋಗಳ ಬಣ್ಣದ ಪರದೆ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಎಡಕ್ಕೊಂದು ಕಂಬ, ಬಲಕ್ಕೆ ಎಲ್ಲಿಗೂ ಹೋಗದ ಮೆಟ್ಟಿಲು, ನಡುವೆ ಕೊಳ, ಕೊಳದಲ್ಲಿ ಎರಡು ಹಂಸ, ದೂರದಲ್ಲಿ ಅರಮನೆಯೋ ತಾಜಮಹಲೋ. ಓದಿದವರು ಇದನ್ನು ನೋಡಿ ನಗುವುದುಂಟು. ಪರದೆಯ ಕೆಳ ಅಂಚು ಮುಗಿದು ಸಿಮೆಂಟು ನೆಲ ಕಾಣಿಸಿದರಂತೂ ಮುಗಿಯಿತು, ಊರಿಗೆಲ್ಲ ತೋರಿಸಿ ನಗುತ್ತಾರೆ. ನನಗೆ ಹಾಗೆ ನಗಲು ಮನಸ್ಸು ಬರುವುದಿಲ್ಲ. ಆ ಕಂಬಕ್ಕೂ ಮೆಟ್ಟಿಲಿಗೂ ಒಂದು ಇತಿಹಾಸವಿದೆ. 1839ರಲ್ಲಿ ಪ್ಯಾರಿಸ್‌ನಲ್ಲಿ ಡಾಗೇರನ ವಿಧಾನ ಪ್ರಕಟವಾದಾಗ ಒಂದು ಚಿತ್ರ ಮೂಡಲು ಹಲವು ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತು ಮನುಷ್ಯ ಅಲುಗದೆ ನಿಲ್ಲಬೇಕಾದರೆ ಒರಗಲು ಕಂಬ, ಕೈಯೂರಲು ಮೇಜು, ಹಿಡಿಯಲು ಕುರ್ಚಿಯ ಬೆನ್ನು ಬೇಕೇ ಬೇಕು. ಮುಂದೆ ಕ್ಯಾಮೆರಾ ಚುರುಕಾಯಿತು. ಆದರೂ ಕಂಬ ಜಾಗ ಬಿಡಲಿಲ್ಲ. ಆಸರೆಯಾಗಿ ಬಂದದ್ದು ಅಲಂಕಾರವಾಗಿ ಉಳಿದುಕೊಂಡಿತು. ನಮ್ಮ ಮನೆಗಳ ಎಷ್ಟೋ ಸಂಪ್ರದಾಯಗಳ ಕಥೆಯೂ ಇದೇ ಅಲ್ಲವೇ?

ನಮ್ಮ ಕಡೆ ಈ ಪರದೆಗೆ ಇನ್ನೂ ಎರಡು ದಾಯಾದಿ ಸಂಬಂಧಗಳಿವೆ. ಒಂದು ನಾಟಕ ಕಂಪನಿಯ ಸೀನರಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥವರ ಆಟ ನೋಡಿ ಬೆಳೆದ ಜನಕ್ಕೆ ಅರಮನೆ ಸೀನು, ಉದ್ಯಾನದ ಸೀನು ಎಂದರೆ ಬೇರೆ ವಿವರಣೆ ಬೇಕಿರಲಿಲ್ಲ. ಇನ್ನೊಂದು ರವಿವರ್ಮ. 1894ರಲ್ಲಿ ಮುಂಬಯಿಯಲ್ಲಿ ಅವನ ಮುದ್ರಣಾಲಯ ಆರಂಭವಾದ ಮೇಲೆ ಅಚ್ಚಾದ ಲಕ್ಷ್ಮಿ ಸರಸ್ವತಿಯರು ಮನೆಮನೆಯ ಗೋಡೆ ಸೇರಿದರು. ದೇವತೆಗಳ ಹಿಂದೆ ಕೊಳ, ಗಿಡ, ಮೋಡ ಇರುವುದನ್ನು ದಿನವೂ ನೋಡುತ್ತಿದ್ದ ಗೃಹಿಣಿ ತನ್ನ ಹಿಂದೆಯೂ ಒಂದು ಕೊಳ ಇರಲಿ ಎಂದು ಬಯಸಿದರೆ ಅದರಲ್ಲಿ ನಗುವಂಥದ್ದೇನಿದೆ?

ಆಗ ಹೆಂಗಸು ಹೊರಗೆ ಹೋಗಿ ಪರಪುರುಷನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದೇ ದೊಡ್ಡ ಮಾತಾಗಿತ್ತು. ಇದನ್ನರಿತೇ ರಾಜಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದು ಅದರ ಹೊಣೆಯನ್ನು ಒಬ್ಬ ಆಂಗ್ಲ ಮಹಿಳೆಗೆ ಒಪ್ಪಿಸಿದರು. ನಮ್ಮ ದೊಡ್ಡಮ್ಮ ಅಂಥ ರಾಣೀವಾಸದವಳೇನಲ್ಲ. ಆದರೂ ಮದುವೆಯಾದ ಮೇಲೆ ತವರು, ಗಂಡನ ಮನೆ, ವರ್ಷಕ್ಕೊಮ್ಮೆ ಜಾತ್ರೆ, ಇಷ್ಟರಲ್ಲೇ ಅವಳ ಪ್ರಪಂಚ ಮುಗಿಯಿತು. 1962ರ ದಸರೆಯಲ್ಲಿ ತೆಗೆಸಿದ ಅವಳ ಫೋಟೋ ಒಂದು ನಮ್ಮಲ್ಲಿದೆ. ಹಿಂದೆ ತಾಜಮಹಲು. ಅವಳು ಅದನ್ನು ಪೂರ್ತಿ ಮರೆಮಾಡದಂತೆ ತುಸು ಪಕ್ಕಕ್ಕೆ ಸರಿದು, ಮುಖವನ್ನು ಅದರತ್ತ ಅರೆಯಾಗಿ ತಿರುಗಿಸಿ ನಿಂತಿದ್ದಾಳೆ. ಪರದೆ ಅವಳಿಗೆ ಗೊತ್ತಿತ್ತು. ಅದರೊಡನೆ ಅವಳ ಮೈ ಮಾತಾಡುತ್ತಿತ್ತು. ಆಗ್ರಾವನ್ನು ಅವಳು ಕಡೆಗೂ ಕಾಣಲಿಲ್ಲ. ಅದನ್ನು ಸುಳ್ಳು ಫೋಟೋ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವಳಿಗೆ ಆಸೆಯಿತ್ತು ಎಂಬುದಕ್ಕೆ ನಮ್ಮ ಮನೆಯಲ್ಲಿ ಉಳಿದಿರುವ ಪುರಾವೆ ಅದೊಂದೇ.

ಇನ್ನು ನಮ್ಮ ಸ್ಟುಡಿಯೋಗಳಲ್ಲಿ ಕಂಡ ಹಿನ್ನೆಲೆಗಳಲ್ಲಿ ಅತ್ಯುತ್ತಮವಾದುದು ಯಾವುದೆಂದು ಕೇಳಿದರೆ ನಾನು ಅನುಮಾನವಿಲ್ಲದೆ ಮೊಗ್ಗಿನ ಜಡೆಯ ಫೋಟೋದ ಕನ್ನಡಿಯನ್ನು ಹೆಸರಿಸುತ್ತೇನೆ. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಅಗ್ಗವಾದಾಗ ಹೆಣ್ಣುಮಗುವಿಗೆ ಜಡೆ ಹೆಣೆದು, ರೇಷ್ಮೆ ಲಂಗ ಉಡಿಸಿ, ಮೊಗ್ಗು ಬಿರಿಯುವ ಮೊದಲೇ ಸ್ಟುಡಿಯೋಕ್ಕೆ ಓಡುವ ಸಡಗರ ಯಾರಿಗೆ ನೆನಪಿಲ್ಲ? ಅಲ್ಲಿ ತಾಜಮಹಲು ಬೇಡ, ಹಂಸ ಬೇಡ. ಸಾದಾ ಪರದೆ, ಮಗುವಿನ ಹಿಂದೊಂದು ನಿಲುಗನ್ನಡಿ. ಬೇರೆ ಹಿನ್ನೆಲೆಗಳೆಲ್ಲ ಬೇರೆ ಯಾವುದೋ ಊರನ್ನು ತೋರಿಸಿದರೆ ಈ ಹಿನ್ನೆಲೆ ಆ ಹುಡುಗಿಯ ಬೆನ್ನನ್ನೇ ತೋರಿಸುತ್ತದೆ. ಮಧ್ಯಾಹ್ನವೆಲ್ಲ ಬೆನ್ನು ಬಗ್ಗಿಸಿ ಕುಳಿತು ಮೊಗ್ಗು ಪೋಣಿಸಿದ ಅಮ್ಮನೋ ಅತ್ತೆಯೋ ಫೋಟೋದಲ್ಲಿ ಇರುವುದಿಲ್ಲ. ಅವರ ಕೈಕೆಲಸ ಕನ್ನಡಿಯಲ್ಲಿ ಇರುತ್ತದೆ. ಹಬ್ಬದ ಫೋಟೋದಲ್ಲಿ ಹೆಂಗಸಿನ ದುಡಿಮೆಗೆ ಇಷ್ಟು ಮರ್ಯಾದೆಯ ಜಾಗ ಕೊಟ್ಟ ಹಿನ್ನೆಲೆ ಇನ್ನೊಂದಿದೆಯೇ?

ಆಫ್ರಿಕಾದ ಮಾಲಿ ದೇಶದ ಬಮಾಕೊ ನಗರದಲ್ಲಿ 1948ರಲ್ಲಿ ಸ್ಟುಡಿಯೋ ತೆರೆದ ಸೇಡು ಕೇಟಾ ಎಂಬ ಛಾಯಾಗ್ರಾಹಕ ಮೊದಮೊದಲು ತನ್ನ ಹಾಸಿಗೆಯ ಮೇಲುಹೊದಿಕೆಯನ್ನೇ ಪರದೆಯಾಗಿ ಕಟ್ಟುತ್ತಿದ್ದ. ಎರಡು ಮೂರು ವರ್ಷಕ್ಕೊಮ್ಮೆ ಬಟ್ಟೆ ಬದಲಾಯಿಸುತ್ತಿದ್ದುದರಿಂದ ಮುಪ್ಪಿನಲ್ಲಿ ಅವನಿಗೆ ಹಿನ್ನೆಲೆ ನೋಡಿಯೇ ಫೋಟೋದ ಕಾಲ ಹೇಳಲು ಆಗುತ್ತಿತ್ತಂತೆ. ಆ ಚಿತ್ರಗಳು ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿವೆ. ಹಿನ್ನೆಲೆ ಚೆಂದವಾಗಲು ಹಣವೇ ಬೇಕೆಂಬ ನಿಯಮವಿಲ್ಲ, ಮನೆಯ ಹೊದಿಕೆಯೂ ಸಾಕು ಎಂಬುದಕ್ಕೆ ಈ ಮಾತು ಹೇಳಿದೆ.

ಈಗಿನ ವಿಷಯಕ್ಕೆ ಬರೋಣ. ಈಗ ಅನೇಕ ಕಡೆ ಪರದೆಯೇ ಇಲ್ಲ, ಹಸಿರು ಬಟ್ಟೆಯೊಂದಿದೆ. ಅದರ ಮುಂದೆ ನಿಲ್ಲಿಸಿ ಫೋಟೋ ಹೊಡೆದು ಕಳಿಸುತ್ತಾರೆ. ಆಮೇಲೆ ಕಂಪ್ಯೂಟರು ಹಸಿರನ್ನೆಲ್ಲ ಅಳಿಸಿ ಅಲ್ಲಿ ಹಿಮದ ಬೆಟ್ಟವನ್ನೋ ವಿದೇಶದ ಬೀದಿಯನ್ನೋ ಅಂಟಿಸುತ್ತದೆ. ನಮ್ಮ ನಾದಿನಿ ಗೌರಿಹಬ್ಬದ ದಿನ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಹೀಗೊಂದು ಫೋಟೋ ತೆಗೆಸಿದಳು. ಗೌರಿಹಬ್ಬವೆಂದ ಮೇಲೆ ಕೈತುಂಬ ಹಸಿರು ಗಾಜಿನ ಬಳೆ ಇರಲೇಬೇಕಲ್ಲ? ಕಂಪ್ಯೂಟರಿಗೆ ಹಸಿರು ಎಂದರೆ ಹಸಿರೇ. ಬಟ್ಟೆಯ ಜೊತೆಗೆ ಬಳೆಯನ್ನೂ ಅಳಿಸಿಬಿಟ್ಟಿತು. ಫೋಟೋ ಬಂದಾಗ ನೋಡಿದರೆ ನಾದಿನಿಯ ಮುಂಗೈಯಲ್ಲಿ ಬಳೆಯಿದ್ದ ಜಾಗದೊಳಗಿಂದ ಹಿಮದ ಬೆಟ್ಟ ಇಣುಕುತ್ತಿತ್ತು!

"ನನ್ನ ಬಳೆ ಎಲ್ಲಪ್ಪಾ?" ಎಂದಳಂತೆ ಅವಳು.

"ಸರಿ ಮಾಡಿ ಕೊಡ್ತೀನಿ ಆಂಟಿ, ಕೆಂಪು ಬಳೆ ಹಾಕ್ಲಾ?" ಎಂದನಂತೆ ಆ ಹುಡುಗ.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಮುಗಿದ ಮೇಲೆ ನನಗೆ ಮಾತ್ರ ಏನೋ ಚುಚ್ಚಿದಂತಾಯಿತು. ಬಾಗಿನ ಕೊಡುವ ಕೈಯ ಹಸಿರು ಬಳೆ ಅಳಿದುಹೋದರೂ ಯಾರಿಗೂ ತಪ್ಪೆನಿಸದ ಫೋಟೋವನ್ನು ಹಬ್ಬದ ಫೋಟೋ ಎಂದು ಹೇಗೆ ಕರೆಯುವುದು?

ದೊಡ್ಡಮ್ಮನ ತಾಜಮಹಲನ್ನು ಒಪ್ಪುವ ನೀವು ನಾದಿನಿಯ ಹಿಮದ ಬೆಟ್ಟವನ್ನು ಯಾಕೆ ಒಪ್ಪುವುದಿಲ್ಲ, ಎರಡೂ ಆಸೆಯೇ ಅಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ದೊಡ್ಡಮ್ಮ ತನ್ನ ತಾಜಮಹಲನ್ನು ಕಣ್ಣಾರೆ ನೋಡಿ, ಅದರ ಮುಂದೆ ನಿಂತಳು. ನಾದಿನಿಯ ಬೆಟ್ಟ ಅವಳು ಮನೆಗೆ ಹೋದ ಮೇಲೆ ಬಂತು. ತಾನು ಎಲ್ಲಿ ನಿಂತಿದ್ದೇನೆಂದು ಅವಳ ಕಾಲಿಗೂ ಗೊತ್ತಿಲ್ಲ, ಕಣ್ಣಿಗೂ ಗೊತ್ತಿಲ್ಲ. ಬೆಟ್ಟದ ಮೇಲೆ ಎಡಗಡೆಯಿಂದ ಸಂಜೆ ಬಿಸಿಲು, ಇವರ ಮುಖದ ಮೇಲೆ ಎದುರಿನಿಂದ ಸ್ಟುಡಿಯೋ ದೀಪ. ಎಲ್ಲಕ್ಕಿಂತ ಮಿಗಿಲಾಗಿ, ಹಿಮದ ಮೇಲೆ ನಿಂತ ಹನ್ನೊಂದು ಜನರ ಒಂದು ಕಾಲಿಗೂ ನೆರಳಿಲ್ಲ.

ನಳದಮಯಂತಿಯ ಕಥೆ ಜ್ಞಾಪಕವಿದೆಯಲ್ಲ? ಸ್ವಯಂವರದಲ್ಲಿ ದೇವತೆಗಳೂ ನಳನ ರೂಪ ಧರಿಸಿ ಸಾಲಾಗಿ ಕುಳಿತಾಗ ದಮಯಂತಿ ತಬ್ಬಿಬ್ಬಾದಳು. ಕಡೆಗೆ ಗುರುತು ಹಿಡಿದದ್ದು ಹೇಗೆ? ದೇವತೆಗಳಿಗೆ ಬೆವರಿಲ್ಲ, ರೆಪ್ಪೆ ಬಡಿಯದು, ಅವರ ಹೂಮಾಲೆ ಬಾಡದು, ಕಾಲು ನೆಲಕ್ಕೆ ತಾಕದು, ನೆರಳು ಬೀಳದು. ನೆರಳಿದ್ದವನು, ಮಾಲೆ ಬಾಡಿದವನು, ಧೂಳು ಬೆವರು ಹತ್ತಿದವನು ನಳ. ಅವಳು ಆ ಮನುಷ್ಯನಿಗೇ ಮಾಲೆ ಹಾಕಿದಳು. ಹಬ್ಬದ ಫೋಟೋ ಆರಿಸುವಾಗ ನನಗೆ ಬೇರೆ ವಿಮರ್ಶೆಯ ಸೂತ್ರ ಬೇಕಿಲ್ಲ, ದಮಯಂತಿಯದೇ ಸಾಕು. ಮುಂಜಾನೆಯಿಂದ ಹೋಳಿಗೆ ಬೇಯಿಸಿ ಬೆವೆತವಳ ಮುಡಿಯ ಹೂ ಸ್ವಲ್ಪ ಬಾಡಿರಲಿ, ಕಾಲ ಕೆಳಗೆ ನೆರಳಿರಲಿ.

ಬಣ್ಣದ ವಿಷಯದಲ್ಲೂ ಒಂದು ಮಾತು ಹೇಳಲೇಬೇಕು. ಕ್ಯಾಮೆರಾ ತಾನೇ ಬೆಳಕನ್ನು ಅಳೆಯುವಾಗ ಎದುರಿಗಿರುವುದೆಲ್ಲ ಸರಾಸರಿಯಲ್ಲಿ ಬೂದು ಬಣ್ಣದ್ದೆಂದು ಭಾವಿಸುತ್ತದೆ. ಹಾಗಾಗಿ ಬಿಳಿ ಗೋಡೆಯ ಮುಂದೆ ನಿಂತವರ ಮುಖ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತದೆ. ಗೋಡೆಯ ತಪ್ಪಿಗೆ ಹುಡುಗಿಯನ್ನು ದೂರಿ, "ಸ್ವಲ್ಪ ಫೇರ್ ಮಾಡ್ಲಾ?" ಎಂದು ಕೇಳುವವರಿದ್ದಾರೆ. ಮಗಳ ಮೈಬಣ್ಣ ತಿದ್ದಿಸುವ ಬದಲು ಹಿನ್ನೆಲೆಯ ಬಣ್ಣ ಬದಲಿಸಿ. ಬೂದು, ಮಣ್ಣು, ಮಾಸಿದ ನೀಲಿ ಇಂಥ ನಡುಬಣ್ಣದ ಬಟ್ಟೆ ಎಲ್ಲ ಮೈಬಣ್ಣಕ್ಕೂ ಹೊಂದುತ್ತದೆ, ಜರಿ ಅಂಚೂ ಎದ್ದು ಕಾಣುತ್ತದೆ. ಪರದೆಗೂ ನಿಂತವರಿಗೂ ನಾಲ್ಕೈದು ಅಡಿ ಅಂತರವಿದ್ದರೆ ದೀಪದ ನೆರಳು ಪರದೆಯ ಮೇಲೆ ಬೀಳದೆ ಕಾಲ ಬಳಿಯೇ ಉಳಿಯುತ್ತದೆ. ಕಪ್ಪು ಪರದೆಯಾದರೆ ಕಪ್ಪು ಕೂದಲು ಅದರಲ್ಲಿ ಕರಗಿಹೋಗುತ್ತದೆ. ಹಿಂದಿನಿಂದ ಒಂದು ದೀಪ ಇಡಲು ಹೇಳಬೇಕು. ಮನೆಯಲ್ಲೇ ತೆಗೆಯುವುದಾದರೆ ತೋರಣ ಕಟ್ಟಿದ ಬಾಗಿಲೋ ತುಳಸಿಕಟ್ಟೆಯೋ ಇದ್ದೇ ಇದೆ. ಅಡುಗೆಮನೆ ಯಾಕಾಗಬಾರದು? ಹಬ್ಬವೆಲ್ಲ ನಡೆಯುವುದು ಅಲ್ಲಿ. ಆದರೂ ನಾನು ನೋಡಿದ ನೂರಾರು ಹಬ್ಬದ ಫೋಟೋಗಳಲ್ಲಿ ಅಡುಗೆಮನೆಯನ್ನು ಹಿನ್ನೆಲೆಯಾಗಿ ಆರಿಸಿದ್ದು ಒಂದೂ ಇಲ್ಲ.

ಸ್ವಿಟ್ಜರ್ಲೆಂಡೇ ಬೇಕೆನ್ನುವವರಿಗೆ ನನ್ನ ಅಡ್ಡಿಯಿಲ್ಲ. ಆಸೆ ಅವರವರದು. ಆದರೆ ಮುಂದಿನ ಹಬ್ಬಕ್ಕೆ ಸ್ಟುಡಿಯೋ ಮೆಟ್ಟಿಲು ಹತ್ತಿದಾಗ, ಹಣ ಕೊಡುವ ಮೊದಲೇ, "ನಮ್ಮ ಹಿಂದೆ ಏನು ಹಾಕುತ್ತೀರಿ, ಈಗಲೇ ತೋರಿಸಿ" ಎಂದು ಕೇಳಿ. ಅವರು ತೋರಿಸಿದ್ದನ್ನು ತಿರುಗಿ ಚೆನ್ನಾಗಿ ನೋಡಿ, ಬೇಡವಾದರೆ ಬೇಡವೆನ್ನಿ. ಹಸಿರು ಬಟ್ಟೆ ಕಂಡರೆ ಕೈಯಲ್ಲಿರುವ ಬಳೆ ಮುಟ್ಟಿ ತೋರಿಸುವುದನ್ನು ಮಾತ್ರ ಮರೆಯಬೇಡಿ.