ಹಗ್ಗ ಯಾರ ಕೈಲಿದೆ?

ನಮ್ಮೂರ ತೇರಿಗೆ ಎರಡು ಹಗ್ಗ. ಆ ಎರಡನ್ನೂ ನಮ್ಮ ತಾತ ಸಾಯುವ ತನಕ ಮುಟ್ಟಲಿಲ್ಲ. ತೇರಿನ ಮುಂದೆ ತಮಟೆ ಬಡಿಯುವುದು ಅವನ ಪಾಲಿಗೆ ಬಂದ ಕೆಲಸ. ತಮಟೆ ನಿಂತರೆ ಎಳೆಯೋರ ಕಾಲೂ ನಿಲ್ಲುತ್ತಿತ್ತು. ಗಾಲಿ ಹೂತುಕೊಂಡರೆ 'ಜೋರಾಗಿ ಬಡಿಯೋ' ಅಂತ ಅವನನ್ನೇ ಗದರುತ್ತಿದ್ದರು. ತೇರು ನೆಲೆ ಸೇರಿದ ಮೇಲೆ ಎಳೆದವರಿಗೆ ಪುಣ್ಯ, ಎಳೆಸಿದ ಯಜಮಾನರಿಗೆ ಹಾರ, ತಾತನಿಗೆ ದೂರದಿಂದ ಎಸೆದ ಎರಡು ಬಾಳೆಹಣ್ಣು.

ಈಚೆಗೆ ಮೇಷ್ಟ್ರುಗಳಿಗೆಂದು ನಡೆದ ಒಂದು ನಾಯಕತ್ವ ಶಿಬಿರದಲ್ಲಿ ಕೂತಿದ್ದಾಗ ಈ ಹಗ್ಗ ನೆನಪಾಯಿತು. ಶಿಬಿರದ ಯಜಮಾನರು ಬೋರ್ಡಿನ ಮೇಲೆ ಒಳ್ಳೆಯ ನಾಯಕನ ಗುಣಗಳನ್ನು ಒಂದರ ಕೆಳಗೊಂದು ಬರೆದರು. ಧೈರ್ಯ, ವಾಕ್ಚಾತುರ್ಯ, ದೂರದೃಷ್ಟಿ. ನಾವೆಲ್ಲ ಬರೆದುಕೊಂಡೆವು. ಇದನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ಓದಿದ್ದೆ. ಎಂ.ಎ. ತರಗತಿಯ ಕಾವ್ಯಮೀಮಾಂಸೆಯ ನೋಟ್ಸಿನಲ್ಲಿ! ಹತ್ತನೆಯ ಶತಮಾನದ ಧನಂಜಯನ 'ದಶರೂಪಕ'ದಲ್ಲಿ ನಾಯಕನಿಗೆ ಇಂಥದೇ ಪಟ್ಟಿಯಿದೆ. ವಿನಯ ಬೇಕು, ತ್ಯಾಗ ಬೇಕು, ಮಾತು ಬಲ್ಲವನಾಗಿರಬೇಕು. ಜೊತೆಗೆ ಇನ್ನೊಂದು: ಅವನು 'ರೂಢವಂಶ'ದವನಾಗಿರಬೇಕು, ಅಂದರೆ ಹೆಸರಾಂತ ಕುಲದಲ್ಲಿ ಹುಟ್ಟಿರಬೇಕು. ಅದೇ ಶತಮಾನದಲ್ಲಿ ನಮ್ಮ ಪಂಪ ಅರ್ಜುನನನ್ನೂ ತನ್ನ ದೊರೆ ಅರಿಕೇಸರಿಯನ್ನೂ ಒಂದು ಮಾಡಿ ಕಾವ್ಯ ಬರೆದ. ಕಥಾನಾಯಕನೂ ಜನನಾಯಕನೂ ಒಬ್ಬನೇ ಎನ್ನುವ ಭ್ರಮೆಗೆ ಕನ್ನಡದಲ್ಲಿ ಸಾವಿರ ವರ್ಷದ ಇತಿಹಾಸವಿದೆ.

ಶಿಬಿರದ ಬೋರ್ಡಿನಲ್ಲಿ ವಂಶದ ಮಾತಿರಲಿಲ್ಲ, ನಿಜ. ಆದರೆ ನೋಡುವ ಕಣ್ಣು ಅದೇ. ನಾಯಕತ್ವ ಎನ್ನುವುದು ಒಬ್ಬ ವ್ಯಕ್ತಿಯ ಮೈಯೊಳಗೆ ಇರುವ ವಸ್ತು. ಉಳಿದವರು ಅದರ ಬೆಳಕಿನಲ್ಲಿ ನಡೆಯುವವರು. ಈ ನೋಟ ಸುಳ್ಳು ಎಂದು ಇಲ್ಲಿ ವಾದಿಸುತ್ತಿದ್ದೇನೆ. ಮನಃಶಾಸ್ತ್ರವೂ ಇದು ಸುಳ್ಳೆಂದೇ ಹೇಳುತ್ತದೆ.

ಮೊದಲು ಹಗ್ಗವನ್ನೇ ತೆಗೆದುಕೊಳ್ಳಿ. ಫ್ರಾನ್ಸಿನಲ್ಲಿ ರಿಂಗೆಲ್‌ಮನ್ ಎಂಬ ಕೃಷಿ ಎಂಜಿನಿಯರ್ ಇದ್ದ. ಜನ ಒಬ್ಬೊಬ್ಬರೇ ಹಗ್ಗ ಎಳೆದರೆ ಎಷ್ಟು ಬಲ, ಕೂಡಿ ಎಳೆದರೆ ಎಷ್ಟು ಬಲ ಎಂದು ಅಳೆದು 1913ರಲ್ಲಿ ಪ್ರಕಟಿಸಿದ. ಎಂಟು ಜನ ಕೂಡಿದರೆ ಎಂಟರಷ್ಟು ಬಲ ಬರಬೇಕಲ್ಲ? ಬರಲಿಲ್ಲ. ತಲೆಗೆ ಅರ್ಧದಷ್ಟೂ ಬರಲಿಲ್ಲ. ಎಲ್ಲರೂ ಒಂದೇ ಗಳಿಗೆಗೆ ಎಳೆಯದೆ ಹೋಗುವುದು ಒಂದು ಕಾರಣ. ಇನ್ನೊಂದು ಕಾರಣ ಮನಸ್ಸಿನದು. 1979ರಲ್ಲಿ ಅಮೆರಿಕದ ಲತಾನೆ ಮತ್ತು ಅವನ ಜೊತೆಗಾರರು ವಿದ್ಯಾರ್ಥಿಗಳಿಂದ ಕೂಗು ಹಾಕಿಸಿ, ಚಪ್ಪಾಳೆ ಹೊಡೆಸಿ ಅಳೆದರು. ಗುಂಪಿನಲ್ಲಿದ್ದೇನೆ ಎಂದು ತಿಳಿದ ಕೂಡಲೇ ಒಬ್ಬೊಬ್ಬನ ದನಿಯೂ ಇಳಿಯಿತು. ಇದಕ್ಕೆ ಅವರು 'ಸಾಮಾಜಿಕ ಮೈಗಳ್ಳತನ' ಎಂಬರ್ಥದ ಹೆಸರು ಕೊಟ್ಟರು.

ಈ ಹೆಸರು ಕೇಳಿದರೆ ನಮ್ಮ ಮೈ ಉರಿಯುತ್ತದೆ. ಮೈಗಳ್ಳರು ಅಂತಲೇ ನಮ್ಮ ಅಪ್ಪಂದಿರನ್ನು ಗದ್ದೆಯ ಬದುವಿನ ಮೇಲೆ ನಿಂತು ಬೈದದ್ದು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1981ರಲ್ಲಿ ಅದೇ ವಿದ್ವಾಂಸರು ಇನ್ನೊಂದು ಪ್ರಯೋಗ ಮಾಡಿದರು. ಗುಂಪಿನಲ್ಲಿ ಕೂಗಿದರೂ ನಿನ್ನ ದನಿಯನ್ನು ಬೇರೆಯಾಗಿ ಗುರುತಿಸುತ್ತೇವೆ ಎಂದು ಹೇಳಿದರು. ಅಷ್ಟೇ. ಇಳಿದಿದ್ದ ದನಿ ಮತ್ತೆ ಏರಿತು. ಅಂದರೆ ಕೈ ಸಡಿಲವಾಗುವುದು ಸೋಮಾರಿತನದಿಂದಲ್ಲ, ತನ್ನ ಕೈ ಯಾರ ಲೆಕ್ಕಕ್ಕೂ ಇಲ್ಲ ಎಂದು ಕೈಗೆ ಗೊತ್ತಾಗುವುದರಿಂದ.

ಇದನ್ನು ಹೇಳಲು ಬಾಬಾಸಾಹೇಬರಿಗೆ ಪ್ರಯೋಗಶಾಲೆ ಬೇಕಾಗಿರಲಿಲ್ಲ. 1936ರ 'ಜಾತಿ ವಿನಾಶ'ದಲ್ಲಿ ಅವರು ಬಲು ಸ್ಪಷ್ಟವಾಗಿ ವಾದಿಸಿದ್ದಾರೆ: ಜಾತಿ ಎನ್ನುವುದು ಕೆಲಸವನ್ನು ಹಂಚುವುದಿಲ್ಲ, ಕೆಲಸ ಮಾಡುವ ಮನುಷ್ಯರನ್ನೇ ಮೇಲೆ ಕೆಳಗೆ ಮಾಡಿ ಒಡೆಯುತ್ತದೆ. ತಾನು ಆರಿಸಿಕೊಳ್ಳದ, ತನಗೆ ಹೀನಾಯ ತರುವ ಕೆಲಸದಲ್ಲಿ ಯಾರ ಮನಸ್ಸು ತಾನೇ ನೆಟ್ಟೀತು? ಈ ನಾಡಿನಲ್ಲಿ 'ತಂಡ' ಎನ್ನುವ ಮಾತನ್ನು ಆಡುವವರು ಮೊದಲು ಈ ಪ್ರಶ್ನೆಗೆ ಉತ್ತರ ಕೊಡಬೇಕು. ಶಿಬಿರದಲ್ಲಿ ಯಾರೂ ಕೊಡಲಿಲ್ಲ.

ಕುರ್ಟ್ ಲೆವಿನ್ ಎಂಬ ಯಹೂದಿ ಮನಃಶಾಸ್ತ್ರಜ್ಞ ಹಿಟ್ಲರ್ ಗದ್ದುಗೆಗೆ ಬಂದ 1933ರಲ್ಲೇ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದ. ಇಡೀ ದೇಶ ಒಬ್ಬ ನಾಯಕನ ಹಿಂದೆ ಕೈ ಎತ್ತಿ ನಡೆಯುವುದನ್ನು ಕಣ್ಣಾರೆ ಕಂಡವನು ಅವನು. ಅಯೋವಾದಲ್ಲಿ ಅವನೂ ಲಿಪಿಟ್, ವೈಟ್ ಎಂಬ ಕಿರಿಯರೂ ಸೇರಿ ಹತ್ತು ಹನ್ನೊಂದು ವರ್ಷದ ಹುಡುಗರ ಸಣ್ಣ ಸಣ್ಣ ಸಂಘಗಳನ್ನು ಕಟ್ಟಿ 1939ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಒಂದು ಕಡೆ ಅಪ್ಪಣೆ ಮಾಡುವ ನಾಯಕ, ಒಂದು ಕಡೆ ಹುಡುಗರ ಜೊತೆ ಕೂತು ತೀರ್ಮಾನ ಮಾಡುವ ನಾಯಕ, ಇನ್ನೊಂದು ಕಡೆ ಏನೂ ಮಾಡದೆ ಕೂತ ನಾಯಕ. ಅಪ್ಪಣೆಯ ನಾಯಕನ ಎದುರಲ್ಲಿ ಕೆಲಸವೇನೋ ಭರ್ಜರಿಯಾಗಿ ನಡೆಯಿತು. ಆದರೆ ಅವನು ಕೋಣೆ ಬಿಟ್ಟು ಹೊರಗೆ ಹೋದ ಕೂಡಲೇ ಕೆಲಸ ಬಿದ್ದುಹೋಯಿತು. ಕೂಡಿ ತೀರ್ಮಾನ ಮಾಡಿದ ಹುಡುಗರು ನಾಯಕ ಇಲ್ಲದಾಗಲೂ ಮಾಡುತ್ತಲೇ ಇದ್ದರು. ಕೈಬಿಟ್ಟು ಕೂತವನ ಗುಂಪಿನಲ್ಲಿ ಕೆಲಸ ಹದಕ್ಕೇ ಬರಲಿಲ್ಲ. ಹಾಗಾಗಿ ನಾಯಕರೇ ಬೇಡ ಎಂಬ ಮಾತೂ ಹುಸಿ. ನಾಯಕನನ್ನು ಅಳೆಯಲು ಒಂದೇ ಗಜಕಡ್ಡಿ: ಅವನು ಎದ್ದು ಹೋದ ಮೇಲೆ ಏನು ಉಳಿಯುತ್ತದೆ?

ಈ ಗಜಕಡ್ಡಿ ಹಿಡಿದು ನಮ್ಮ ಸಾಹಿತ್ಯಕ್ಕೆ ಬರೋಣ. ಕಾರಂತರ 'ಚೋಮನ ದುಡಿ' 1933ರದು. ಚೋಮನಿಗೆ ಎತ್ತುಗಳಿವೆ, ದುಡಿಯಿದೆ, ಬೇಸಾಯ ಮಾಡುವ ಆಸೆಯಿದೆ. ಅವನಿಗೆ ಇಲ್ಲದಿರುವುದು ಇನ್ನೊಬ್ಬ ಚೋಮ. ಭೂಮಿ ಬೇಕು ಎಂಬ ಹಸಿವು ಇಡೀ ಕೇರಿಯದು. ಕಾದಂಬರಿಯಲ್ಲಿ ಅದು ಒಬ್ಬನ ಎದೆಯ ನೋವಾಗಿ ಉಳಿದುಬಿಡುತ್ತದೆ. ಕಾರಂತರ ಕರುಣೆ ದೊಡ್ಡದು, ಅದನ್ನು ಅಲ್ಲಗಳೆಯುವ ಕೃತಘ್ನತೆ ನನಗಿಲ್ಲ. ಆದರೆ ಆ ಕರುಣೆ ಚೋಮನನ್ನು ದುರಂತ ನಾಯಕನನ್ನಾಗಿ ಎತ್ತರಿಸುತ್ತದೆಯೇ ಹೊರತು ಅವನ ಪಕ್ಕಕ್ಕೆ ಒಬ್ಬರನ್ನೂ ತಂದು ನಿಲ್ಲಿಸುವುದಿಲ್ಲ. ದುಡಿಯ ಸದ್ದು ಕೇಳುವುದು ನಮಗೆ, ಓದುಗರಿಗೆ. ಪಕ್ಕದ ಗುಡಿಸಲಿಗೆ ಅದು ಕರೆಯಾಗಿ ತಲುಪುವುದಿಲ್ಲ.

ದೇವನೂರ ಮಹಾದೇವರ 'ಒಡಲಾಳ'ಕ್ಕೆ ಬನ್ನಿ. 1970ರ ದಶಕದ ಕೊನೆಗೆ ಬಂದ ಈ ಕಥೆಯಲ್ಲಿ ನಾಯಕ ಎಲ್ಲಿದ್ದಾನೆ ಹುಡುಕಿ. ಸಾಕವ್ವ ಇದ್ದಾಳೆ, ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತಾ. ರಾತ್ರಿ ಬೆಂಕಿಯ ಸುತ್ತ ಆ ಮನೆಯವರೆಲ್ಲ ಕೂತು ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಆಮೇಲೆ ಪೊಲೀಸರು ಬರುತ್ತಾರೆ. ಆ ಬೆಂಕಿಯ ಸುತ್ತ ಅಪ್ಪಣೆ ಕೊಡುವವರಿಲ್ಲ, ಭಾಷಣ ಇಲ್ಲ. ಹಗಲು ಜಗಳವಾಡಿದ ಬಾಯಿಗಳೇ ಈಗ ಒಂದೇ ಕೆಲಸಕ್ಕೆ ಕೂಡಿವೆ. ಮಕ್ಕಳಿಗೂ ಪಾಲಿದೆ, ಮುದುಕಿಗೂ ಪಾಲಿದೆ. ತಂಡ ಅಂದರೆ ಏನು ಎಂದು ಕೇಳಿದವರಿಗೆ ನಾನು ಈ ಬೆಂಕಿಯನ್ನು ತೋರಿಸುತ್ತೇನೆ. ಆದರೆ ಇದನ್ನೇ ಹಾಡಿ ಹೊಗಳಿ ಕೂರಬಾರದು. ಹಸಿವು ಕಟ್ಟಿದ ತಂಡದ ಆಯುಸ್ಸು ಒಂದು ರಾತ್ರಿ. ಬೆಳಗಾದ ಮೇಲೆ ಬರುವ ಪೊಲೀಸರ ಎದುರು ನಿಲ್ಲಲು ಬೇರೆಯದೇ ಕಟ್ಟುವಿಕೆ ಬೇಕು. ಸಂಘಟನೆ ಹುಟ್ಟುವುದು ಅಲ್ಲಿ.

ಅಂಥ ಕಟ್ಟುವಿಕೆ ಹೇಗಿರುತ್ತದೆ ಎಂಬುದಕ್ಕೆ ಮಹಾಡ್ ಇದೆ. 1927ರ ಮಾರ್ಚ್ 20ರಂದು ಚವದಾರ್ ಕೆರೆಯ ನೀರನ್ನು ಅಂಬೇಡ್ಕರ್ ಕುಡಿದರು ಎಂದು ನಮ್ಮ ಹುಡುಗರಿಗೆಲ್ಲ ಗೊತ್ತು. ಆ ಸಮ್ಮೇಳನಕ್ಕಾಗಿ ಓಡಾಡಿದ ಆರ್.ಬಿ. ಮೋರೆ ಎಂಬ ತರುಣನ ಹೆಸರು ಎಷ್ಟು ಜನಕ್ಕೆ ಗೊತ್ತು? ಅದೇ ವರ್ಷ ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿ ಸುಟ್ಟರು. ಮತ್ತೆ ಕೆರೆಗೆ ಇಳಿಯಲು ಮೂರು ಸಾವಿರಕ್ಕೂ ಮಿಕ್ಕಿ ಜನ ಹೆಸರು ಬರೆಸಿದ್ದರು, ಜೈಲಿಗೂ ಸಿದ್ಧರಾಗಿ. ಆದರೆ ಕೋರ್ಟಿನ ತಡೆಯಾಜ್ಞೆ ಬಂದಿತ್ತು. ಕುದಿಯುವ ಆ ಜನರ ಮುಂದೆ ನಿಂತು, ಈಗ ಬೇಡ ಎಂದು ಹೇಳುವುದು ಸುಲಭವೇ? ಅಂಬೇಡ್ಕರ್ ಅಪ್ಪಣೆ ಕೊಡಲಿಲ್ಲ, ಕಾರಣ ಕೊಟ್ಟರು. ಸಭೆಯ ಮುಂದೆ ಠರಾವು ಇಟ್ಟರು, ಸಭೆ ಒಪ್ಪಿತು. ಕೆರೆಯ ಹಕ್ಕು ಹೈಕೋರ್ಟಿನಲ್ಲಿ ಗಟ್ಟಿಯಾದದ್ದು 1937ರಲ್ಲಿ. ಹತ್ತು ವರ್ಷ ಆ ಜನ ಚದುರದೆ ಕಾದದ್ದು ಒಬ್ಬರ ಮೇಲಿನ ಭಕ್ತಿಯಿಂದ ಮಾತ್ರ ಆಗುವ ಕೆಲಸವಲ್ಲ. ಭಕ್ತಿಯ ಬಗ್ಗೆಯಂತೂ ಅವರೇ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಎಂದು. ನಾವು ಆ ಎಚ್ಚರಿಕೆ ಕೊಟ್ಟವರಿಗೇ ಮಂಗಳಾರತಿ ಎತ್ತಿದೆವು. ಆಮೇಲೆ ನಮ್ಮ ನಮ್ಮ ಬಣಕ್ಕೊಬ್ಬ ದೇವರನ್ನು ಮಾಡಿಕೊಂಡೆವು.

ಬೇರೆಯವರನ್ನು ಬೈದು ತಪ್ಪಿಸಿಕೊಳ್ಳಲಾರೆ. ಹಾಸ್ಟೆಲಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕಾಗಿ ಒಂದು ಧರಣಿ ಹೂಡಿದೆವು. ನಾನು ಕಾರ್ಯದರ್ಶಿ, ಕವಿ ಬೇರೆ. ಮೈಕು ನನ್ನದು, ಕರಪತ್ರದಲ್ಲಿ ಹೆಸರು ನನ್ನದು. ರೂಮು ರೂಮು ಅಲೆದು ಸಹಿ ಮಾಡಿಸಿದ, ಚಂದಾ ಹಣದ ಲೆಕ್ಕ ಇಟ್ಟ ಹುಡುಗ ಬೇರೆ. ರಾತ್ರಿಯೆಲ್ಲ ಕೂತು ಬಟ್ಟೆಯ ಮೇಲೆ ಘೋಷಣೆ ಬರೆದ ಹೆಣ್ಣುಮಕ್ಕಳು ಬೇರೆ. ಸಹಿ ಹಾಕಿದವರು ಅರವತ್ತು, ಧರಣಿಗೆ ಬಂದವರು ಒಂಬತ್ತು. ನಾನು ಸಿಟ್ಟಿನಿಂದ ಪದ್ಯ ಬರೆದೆ. ಉಳಿದ ಐವತ್ತೊಂದು ಜನರನ್ನು ಗುಲಾಮರು ಎಂದೆ. ಕೇಳಿದವರು ಚಪ್ಪಾಳೆ ಹೊಡೆದರು. ವರ್ಷ ಕಳೆದ ಮೇಲೆ ಆ ಸಹಿ ಮಾಡಿಸಿದ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. 'ಅಣ್ಣ, ನಿಮ್ಮ ಭಾಷಣಕ್ಕೆ ನಾವು ಕೇಳೋರಾಗಿದ್ವಿ. ನಿಮ್ಮ ಪದ್ಯಕ್ಕೆ ಗುಲಾಮರಾದ್ವಿ. ಧರಣಿಗೆ ನಾವು ಏನಾಗಿದ್ವಿ ಹೇಳಿ?' ಅಂದ. ನನ್ನಲ್ಲಿ ಉತ್ತರ ಇರಲಿಲ್ಲ. ತಾತನಿಗೆ ಬಾಳೆಹಣ್ಣು ಎಸೆದ ಕೈ ನನ್ನ ಭುಜದಲ್ಲೂ ಬೆಳೆದಿತ್ತು.

ಧರಣಿಗೆ ಮುಂಚೆ ಒಂದು ದಿನವೂ ಅವರು ನನಗೆ ಎದುರಾಡಿರಲಿಲ್ಲ. ನಮ್ಮಲ್ಲಿ ಎಷ್ಟು ಒಗ್ಗಟ್ಟು ಎಂದು ನಾನು ಬೀಗಿದ್ದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಎಮಿ ಎಡ್ಮಂಡ್‌ಸನ್ ಎಂಬಾಕೆ ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ಮೇಲ್ವಿಚಾರಕಿ ಇರುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಹುಡುಕಿ ನೋಡಿದರೆ, ಅಲ್ಲಿ ದಾದಿಯರು ತಪ್ಪನ್ನು ಬಾಯಿ ಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಹೆದರಿ ಮುಚ್ಚಿಡುತ್ತಿದ್ದರು. ತಕರಾರೇ ಇಲ್ಲದ ಸಂಘ ಗಟ್ಟಿಯಾದ ಸಂಘವಲ್ಲ, ಬಾಯಿ ಕಟ್ಟಿದ ಸಂಘ.

ಹಾಗಾದರೆ ಏನು ಮಾಡೋಣ? ದೊಡ್ಡ ಸಿದ್ಧಾಂತ ಬೇಡ. ಸಭೆಯಲ್ಲಿ ಮೊದಲ ಮಾತು ಹೊಸಬರದಾಗಲಿ, ಮುಖಂಡರದು ಕೊನೆಗೆ. ಹಣದ ಲೆಕ್ಕ ಗೋಡೆಯ ಮೇಲೆ ಇರಲಿ. ಅನ್ನ ಬೇಯಿಸಿದವರ, ಸೈಕಲ್ ತುಳಿದವರ ಹೆಸರು ಠರಾವು ಪುಸ್ತಕದಲ್ಲಿ ದಾಖಲಾಗಲಿ. ಮೈಕು ಕೈಯಿಂದ ಕೈಗೆ ಹೋಗಲಿ, ಕಸಬರಿಕೆಯೂ ಹೋಗಲಿ. ಇವು ಚಿಕ್ಕ ಸಂಗತಿಗಳು ಅನ್ನಿಸಬಹುದು. ಆದರೆ 'ನಿನ್ನ ದನಿ ಕೇಳಿಸುತ್ತಿದೆ' ಎಂದು ಒಬ್ಬನಿಗೆ ಗೊತ್ತುಮಾಡುವ ದಾರಿ ಇವೇ.

ನಮ್ಮೂರಲ್ಲಿ ಈಗ ನಮ್ಮ ಹುಡುಗರೂ ಹಗ್ಗ ಹಿಡಿಯುತ್ತಾರೆ. ಅವ್ವ ಅದನ್ನು ನೋಡಿ ಕಣ್ಣು ಒರೆಸಿಕೊಂಡಳು. ನನಗೂ ಖುಷಿಯೇ. ಆದರೆ ತೇರು ಎತ್ತ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳುವವರು ಇನ್ನೂ ಹಳಬರೇ. ತಮಟೆ ಬಡಿಯುವವನೂ ನಮ್ಮ ಕೇರಿಯವನೇ. ನಮ್ಮ ಸಂಘಗಳಲ್ಲಾದರೂ ಇದು ಬೇರೆಯಾಗಿದೆಯೇ? ಮುಂದಿನ ಸಭೆಯಲ್ಲಿ ಮೈಕು ಹಿಡಿಯುವ ಮುನ್ನ, ಗೆಳೆಯರೇ, ಒಮ್ಮೆ ಹಿಂದಕ್ಕೆ ತಿರುಗಿ ನೋಡಿ.