ಗುಟ್ಟಿನ ಲಿಪಿ: ಬಿಟ್ಟುಹೋದ ಅರ್ಧ ಪಾಠ

ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಗುಪ್ತಲಿಪಿ ಕಲಿಸುವ ಕ್ರಮ ಬಹುಪಾಲು ಒಂದೇ. ಎರಡು ರಟ್ಟಿನ ಚಕ್ರ, ಅಂಚಿನ ಸುತ್ತ ಇಂಗ್ಲಿಷಿನ 26 ಅಕ್ಷರ, ನಡುವೆ ಒಂದು ಗುಂಡುಪಿನ್ನು. ಜೂಲಿಯಸ್ ಸೀಸರ್ ಪ್ರತಿ ಅಕ್ಷರವನ್ನೂ ಮೂರು ಮನೆ ಸರಿಸಿ ಪತ್ರ ಬರೆಯುತ್ತಿದ್ದ ಎಂಬ ಕತೆ. ಆಮೇಲೆ ಒಬ್ಬರು ಚಕ್ರ ತಿರುಗಿಸಿ ಬರೆಯುತ್ತಾರೆ, ಪಕ್ಕದವರು ಚಕ್ರ ತಿರುಗಿಸಿ ಓದುತ್ತಾರೆ. ಗದ್ದಲ, ನಗು, ಚಪ್ಪಾಳೆ. ಎಷ್ಟು ಮನೆ ಸರಿಸಬೇಕೆಂದು ಮೊದಲೇ ಹೇಳಿಬಿಟ್ಟ ಮೇಲೆ ಇದು ನಕಲು ತೆಗೆಯುವ ಕೆಲಸ. ಇಡೀ ತರಗತಿಯಲ್ಲಿ ಯೋಚನೆ ಮಾಡಿದವನು ಸೀಸರ್ ಒಬ್ಬನೇ.

ಮಾರ್ಟಿನ್ ಗಾರ್ಡ್ನರ್ 1972ರಲ್ಲಿ ಮಕ್ಕಳಿಗಾಗಿ ಬರೆದ ಗುಪ್ತಲಿಪಿಯ ಪುಸ್ತಕ ಇದಕ್ಕಿಂತ ಎಷ್ಟೋ ಮೇಲು. ಅದೃಶ್ಯ ಶಾಯಿಯಂಥ ಆಕರ್ಷಣೆಗಳು ಅಲ್ಲೂ ಇವೆ. ಆದರೆ ಲಿಪಿ ಕಟ್ಟುವುದನ್ನು ಹೇಳಿಕೊಟ್ಟ ಗಾರ್ಡ್ನರ್, ಗುಟ್ಟು ಗೊತ್ತಿಲ್ಲದೆ ಅದನ್ನು ಒಡೆಯುವುದು ಹೇಗೆಂದೂ ಕಲಿಸುತ್ತಾರೆ. ಯಾವ ಗುರುತು ಎಷ್ಟು ಸಲ ಬಂದಿದೆ ಎಂದು ಎಣಿಸುವ ಈ ಉಪಾಯವನ್ನು 9ನೇ ಶತಮಾನದಲ್ಲೇ ಬಾಗ್ದಾದಿನ ಅಲ್-ಕಿಂದಿ ಬರೆದಿಟ್ಟಿದ್ದ. ತೊಂದರೆ ಏನೆಂದರೆ, ಗಾರ್ಡ್ನರ್ ಓದುಗರಿಗೆ ಒದಗುವ ಸುಳಿವುಗಳೆಲ್ಲ ಇಂಗ್ಲಿಷಿನವು: ಎಲ್ಲಕ್ಕಿಂತ ಹೆಚ್ಚು ಬರುವ ಅಕ್ಷರ ‘ಇ’, ಒಂಟಿ ಅಕ್ಷರ ಕಂಡರೆ ಅದು ‘ಎ’ ಅಥವಾ ‘ಐ’. ಕನ್ನಡದ ಮಗುವಿಗೆ ಇವುಗಳಿಂದ ಏನು ಉಪಯೋಗ? ನಮ್ಮ ಶಿಬಿರಗಳು ಚಕ್ರವನ್ನು ತಂದವು, ಎಣಿಕೆಯನ್ನು ಬಿಟ್ಟುಬಂದವು. ಬೇಕಾಗಿದ್ದದ್ದು ಎಣಿಕೆಯೇ.

ಕನ್ನಡದಲ್ಲಿ ಮಾಡಿ ನೋಡಿದರೆ ಆಟ ಬೇರೆಯೇ ಆಗುತ್ತದೆ. ಸ್ವರಗಳನ್ನೂ ಕಾಗುಣಿತವನ್ನೂ ಹಾಗೇ ಬಿಟ್ಟು, ವ್ಯಂಜನವನ್ನು ಮಾತ್ರ ವರ್ಣಮಾಲೆಯಲ್ಲಿ ಒಂದು ಮನೆ ಮುಂದೆ ಸರಿಸೋಣ. ‘ಮರದಲ್ಲಿ ಕಾಗೆ ಇದೆ’ ಎಂಬುದು ‘ಯಲಧವ್ವಿ ಖಾಘೆ ಇಧೆ’ ಆಗುತ್ತದೆ. ಮಕ್ಕಳು ಇದನ್ನು ಗಟ್ಟಿಯಾಗಿ ಓದಿಯೇ ಬಿದ್ದು ಬಿದ್ದು ನಗುತ್ತಾರೆ, ನಗಲಿ. ನಗು ನಿಂತ ಮೇಲೆ ಕೇಳಬೇಕಾದ ಪ್ರಶ್ನೆ: ಇಷ್ಟೊಂದು ಮಹಾಪ್ರಾಣ ಎಲ್ಲಿಂದ ಬಂತು? ದಿನದ ಮಾತಿನಲ್ಲಿ ಅಪರೂಪವಾದ ಖ, ಘ, ಧ ಇಲ್ಲಿ ಗುಂಪುಗಟ್ಟಿ ನಿಂತಿವೆ. ಅವುಗಳ ಹಿಂದೆ ಕ, ಗ, ದ ಅಡಗಿವೆ ಎಂದು ಯಾವುದಾದರೂ ಮಗು ಹೇಳಿಯೇ ಹೇಳುತ್ತದೆ. ಇನ್ನಷ್ಟು ಉದ್ದದ ಬರಹ ಕೊಟ್ಟರೆ ಪದಗಳ ಕೊನೆಯಲ್ಲಿ ‘ವ್ವಿ’, ‘ಪ್ಪು’ ಮತ್ತೆ ಮತ್ತೆ ಬರುತ್ತವೆ. ಅವು ‘ಲ್ಲಿ’, ‘ನ್ನು’ ಎಂದು ಹೊಳೆದ ಮಗು ವಿಭಕ್ತಿ ಪ್ರತ್ಯಯದ ಪಟ್ಟಿಯನ್ನು ಬಾಯಿಪಾಠ ಮಾಡದೆಯೇ ಅದರ ಕೆಲಸವನ್ನು ಕಂಡುಕೊಂಡಿರುತ್ತದೆ. ಒಂಟಿ ಅಕ್ಷರದ ಪದಗಳು ನಮ್ಮಲ್ಲೂ ಇವೆ: ‘ಆ’, ‘ಈ’. ಈ ಲಿಪಿಯಲ್ಲಂತೂ ಅವು ವೇಷವನ್ನೇ ಹಾಕುವುದಿಲ್ಲ.

ಇಲ್ಲಿ ಒಂದು ಷರತ್ತಿದೆ. ಎಣಿಕೆ ಫಲಿಸಬೇಕಾದರೆ ಬರಹ ಅರ್ಧ ಪುಟವಾದರೂ ಇರಬೇಕು. ‘ನಾಳೆ ರಜೆ’ ಎಂಬಷ್ಟು ಗುಟ್ಟು ಕೊಟ್ಟು ಒಡೆಯಿರಿ ಎಂದರೆ ಮಕ್ಕಳು ಕಣಿ ಹೇಳಬೇಕಾಗುತ್ತದೆ.

ಕನ್ನಡದ ಗುಪ್ತಲಿಪಿ ಎಂದೊಡನೆ ಅಂಕಿಗಳಲ್ಲಿ ಬರೆದ ಸಿರಿಭೂವಲಯ ಗ್ರಂಥದ ಹೆಸರೆತ್ತುವವರಿದ್ದಾರೆ. 27 ಸಾಲು, 27 ಕಂಬ, 1ರಿಂದ 64ರವರೆಗಿನ ಅಂಕಿಗಳು, ಮಕ್ಕಳು ಬೆರಗಾಗುತ್ತಾರೆ. ಆದರೆ ಒಂದೇ ಒಂದು ಸಾಲನ್ನಾದರೂ ಅವರ ಕೈಯಿಂದ ಓದಿಸದೆ ಹೆಮ್ಮೆಪಡಿ ಎನ್ನುವುದು ಪಾಠವಲ್ಲ, ಭಾಷಣ. ಪ್ರತಿ ಅಕ್ಷರದ ಮುಂದೆ ‘ಕ’ ಸೇರಿಸಿ ಸರಸರನೆ ಮಾತಾಡುವ ‘ಕ’ ಭಾಷೆ ಇದಕ್ಕಿಂತ ಒಳ್ಳೆಯ ಆರಂಭ. ಅದನ್ನು ಯಾವ ಶಿಕ್ಷಕರೂ ಕಲಿಸಿದ್ದಲ್ಲ.

ಅಂಕಿಯೇ ಬೇಕೆಂದರೆ ಗ್ರೀಕರ ಪೊಲಿಬಿಯಸ್ ಹೇಳಿದ ಐದು ಸಾಲು, ಐದು ಕಂಬದ ಚೌಕವಿದೆ. ಇಂಗ್ಲಿಷಿನಲ್ಲಿ 26 ಅಕ್ಷರಗಳಿರುವುದರಿಂದ ಐ, ಜೆ ಎರಡನ್ನೂ ಒಂದೇ ಮನೆಗೆ ತುರುಕುತ್ತಾರೆ. ನಮ್ಮ ವರ್ಗೀಯ ವ್ಯಂಜನಗಳೋ ಸರಿಯಾಗಿ 25. ಕ ಅಂದರೆ 11, ದ ಅಂದರೆ 43, ಮ ಅಂದರೆ 55. ಒಂದನೇ ತರಗತಿಯ ಗೋಡೆಯ ಮೇಲೆ ಈ ಚೌಕ ಸಿದ್ಧವಾಗಿ ತೂಗುತ್ತಿರುವಾಗ ಇಂಗ್ಲಿಷಿನದನ್ನು ಬರೆದು ತೋರಿಸುವುದು ವಿಚಿತ್ರವೇ. ಯ, ರ, ಲದಿಂದ ಳವರೆಗಿನ ಒಂಬತ್ತಕ್ಕೆ ಇನ್ನೆರಡು ಸಾಲು ಹಾಕಬೇಕೇ, ಕಾಗುಣಿತಕ್ಕೆ ಮೂರನೆಯ ಅಂಕಿ ಬೇಕೇ, ಒತ್ತಕ್ಷರಕ್ಕೆ ಒಂದು ಚುಕ್ಕೆ ಸಾಕೇ? ಇದನ್ನು ಮಕ್ಕಳೇ ವಾದ ಮಾಡಿ ತೀರ್ಮಾನಿಸಲಿ. ಪಿರಿಯಡ್ಡು ಅಷ್ಟಕ್ಕೇ ಮುಗಿದರೆ ರಟ್ಟು ಕತ್ತರಿಸುವ ಕೆಲಸ ಮುಂದಿನ ವಾರಕ್ಕಿರಲಿ.