ಏರುವ ಮುಳ್ಳು, ಇಳಿಯುವ ಮುಳ್ಳು

ಜಾಗ್ವಾರ್ ಇ-ಟೈಪ್‌ನ ಚೆಲುವಿನ ಬಗ್ಗೆ ಹೊಸದಾಗಿ ಹೇಳಲು ಏನೂ ಉಳಿದಿಲ್ಲ. 1961ರ ಜಿನೀವಾ ಪ್ರದರ್ಶನ, ಅದರ ಮೈ ರೂಪಿಸಿದ ಮಾಲ್ಕಂ ಸೇಯರ್, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಸಿಕ್ಕ ಜಾಗ, ಎಲ್ಲ ಗೊತ್ತಿರುವುದೇ. ನನ್ನ ತಕರಾರು ಅದರ ಭಕ್ತರ ಮೇಲೆ. ರೋಲ್ಸ್ ರಾಯ್ಸ್ ಘೋಸ್ಟ್‌ನಂಥ ಇಂದಿನ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸುವುದೇ ತಡ, ‘ಇದಕ್ಕೆ ಜೀವವಿಲ್ಲ’ ಎಂದುಬಿಡುತ್ತಾರೆ.

ಜೀವ ಎಲ್ಲಿದೆಯಪ್ಪಾ ಎಂದರೆ ಗೇರ್‌ಬಾಕ್ಸಿನತ್ತ ಕೈ ತೋರಿಸುತ್ತಾರೆ. 3.8 ಲೀಟರಿನ ಮೊದಲ ಇ-ಟೈಪ್‌ಗಳಲ್ಲಿ ಫಸ್ಟ್ ಗೇರಿಗೆ ಸಿಂಕ್ರೋಮೆಶ್, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸಿಕೊಡುವ ಏರ್ಪಾಡು, ಇರಲಿಲ್ಲ. ಓಡುವಾಗ ಅದಕ್ಕೆ ಇಳಿಸಬೇಕೆಂದರೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಎಂಜಿನ್ನಿನ ಸುತ್ತು ಏರಿಸಿ, ಹಲ್ಲಿಗೆ ಹಲ್ಲು ಕೂಡಿಸಬೇಕು. ಕೊಂಚ ತಪ್ಪಿದರೂ ಕರಕರ. ಇದೇ ಕಲೆಯಂತೆ! 1964ರಲ್ಲಿ 4.2 ಲೀಟರ್ ಎಂಜಿನ್ ಬಂದಾಗ ಜಾಗ್ವಾರ್ ನಾಲ್ಕೂ ಗೇರಿಗೆ ಸಿಂಕ್ರೋಮೆಶ್ ಕೊಟ್ಟಿತು. ಮಾಡಿದವರೇ ತಿದ್ದಿಕೊಂಡ ಕುಂದನ್ನು ಗುಣವೆಂದು ಎತ್ತಿ ಹಿಡಿಯುವ ವಿಮರ್ಶಕನಿಗೆ ಏನೆನ್ನೋಣ? ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಹೊತ್ತು ಬಂದ ಇ-ಟೈಪ್ ತನ್ನ ಕಾಲಕ್ಕೆ ಹೊಚ್ಚ ಹೊಸದು. ಹಳೆಯದಾಗುವ ಆಸೆ ಅದಕ್ಕೆಲ್ಲಿತ್ತು?

ಇನ್ನು ಘೋಸ್ಟ್. 2020ರ ಈ ಕಾರಿನಲ್ಲಿ ಸದ್ದಡಗಿಸಲೆಂದೇ 100 ಕಿಲೋಗೂ ಮಿಕ್ಕಿ ಸಾಮಗ್ರಿ ತುಂಬಿದ್ದಾರೆ. ಒಳಗಿನ ಮೌನವೇ ತಲೆ ಗಿರ್ರೆನ್ನಿಸುವಂತಾಗಿ, ಬಿಡಿಭಾಗಗಳ ಕಂಪನವನ್ನು ಒಂದಕ್ಕೊಂದು ಹೊಂದಿಸಿ ತೆಳು ಗುನುಗೊಂದನ್ನು ಉಳಿಸಿಕೊಂಡರಂತೆ. ತಂಬೂರಿ ಶ್ರುತಿ ಮಾಡಿದವರಿಗೆ ಈ ಕೆಲಸದ ಕಷ್ಟ ಗೊತ್ತು.

ಆದರೂ ಘೋಸ್ಟ್ ಸೋಲುವ ಜಾಗವೊಂದಿದೆ. ಭಕ್ತರ ಕಣ್ಣಿಗೆ ಅದು ಬಿದ್ದೇ ಇಲ್ಲ. ಇ-ಟೈಪ್ ಓಡಿಸುವವನ ಎದುರಿಗೆ ಎಂಜಿನ್ನಿನ ಸುತ್ತು ಎಣಿಸುವ ಮೀಟರು, ಅದರ ಮುಖದಲ್ಲೇ ಪುಟ್ಟ ಗಡಿಯಾರ. ಆಕ್ಸಿಲರೇಟರ್ ತುಳಿದರೆ ಮುಳ್ಳು ಏರುತ್ತದೆ. ಘೋಸ್ಟ್‌ನಲ್ಲಿ ಆ ಮೀಟರೇ ಇಲ್ಲ. ಇರುವುದು ‘ಪವರ್ ರಿಸರ್ವ್’. ನಿಂತಾಗ ಮುಳ್ಳು ನೂರರಲ್ಲಿ, ತುಳಿದಷ್ಟೂ ಇಳಿಯುತ್ತದೆ. 6.75 ಲೀಟರಿನ ಹನ್ನೆರಡು ಸಿಲಿಂಡರ್‌ಗಳಲ್ಲಿ ಇನ್ನೆಷ್ಟು ಬಲ ಬಾಕಿ ಇದೆ, ಅಷ್ಟನ್ನೇ ಹೇಳುತ್ತದೆ. ಉಪಗ್ರಹದ ನೆರವಿನಿಂದ ಮುಂದಿನ ತಿರುವು ತಿಳಿದು ಕಾರೇ ಗೇರು ಆರಿಸಿಕೊಳ್ಳುವಾಗ ಸುತ್ತಿನ ಲೆಕ್ಕ ಯಾರಿಗೆ ಬೇಕು ಎನ್ನಬಹುದು. ನಿಜವೇ. ಆದರೆ ಇದು ಜಮೀನ್ದಾರ ಕಣಜಕ್ಕೆ ಕೈಯಿಟ್ಟು ನೋಡುವ ಲೆಕ್ಕ. ಉಳಿದ ಭತ್ತ ಕಾಣುತ್ತದೆ, ಉತ್ತವನ ಬೆವರು ಕಾಣುವುದಿಲ್ಲ.

ಹಾಗಾಗಿ ಇ-ಟೈಪೇ ಮೇಲೆಂದು ನಾನೂ ಹೇಳುತ್ತೇನೆ, ಏರುವ ಆ ಮುಳ್ಳಿನ ಸಲುವಾಗಿ. ಕರಕರ ಎನ್ನುವ ಗೇರನ್ನು ಭಕ್ತರೇ ಇಟ್ಟುಕೊಳ್ಳಲಿ.